ತಾಳಮದ್ದಳೆ ಫೈಲುಗಳ ಉದ್ದ ಹೆಸರು ಮತ್ತು ವಿಂಡೋಸಿನ 260

ಅಪ್ಪನ ತಾಳಮದ್ದಳೆ ಕ್ಯಾಸೆಟ್ಟುಗಳನ್ನೆಲ್ಲ ಎಂಪಿ3 ಮಾಡಿಟ್ಟಿದ್ದೇವೆ. ಹೊನ್ನಾವರ, ಕುಮಟಾ ಕಡೆಯ ರಾತ್ರಿ ಕೂಟಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅಪ್ಪ ತುಂಬಿಸಿಕೊಂಡು ಬಂದವು. ಯಾವ ಪ್ರಸಂಗ, ಯಾವ ಊರು, ಯಾವ ಇಸವಿ, ಭಾಗವತರು ಯಾರು, ಯಾರ್ಯಾರು ಅರ್ಥ ಹೇಳಿದ್ದಾರೆ, ಕ್ಯಾಸೆಟ್ಟಿನ ಯಾವ ಸೈಡು, ಎಲ್ಲವೂ ಫೈಲಿನ ಹೆಸರಿನಲ್ಲೇ ಇದೆ. ಬೇರೆಲ್ಲೂ ಬರೆದಿಟ್ಟಿಲ್ಲ. ಕ್ಯಾಸೆಟ್ ಕವರಿನ ಮೇಲಿದ್ದ ಅಪ್ಪನ ಅಕ್ಷರ ಮಾಸುತ್ತಾ ಬಂದಿದೆ. ಹೆಸರು ಉದ್ದ ಇರುವುದು ಅದಕ್ಕೇ.

ಇವನ್ನು ಹೊಸ ಹಾರ್ಡ್‌ಡಿಸ್ಕಿಗೆ ಹಾಕಲು ಹೋದಾಗ ವಿಂಡೋಸ್ ‘ಡೆಸ್ಟಿನೇಷನ್ ಪಾತ್ ಟೂ ಲಾಂಗ್’, ಅಂದರೆ ಫೈಲು ಸೇರಬೇಕಾದ ಜಾಗದ ದಾರಿ ತೀರಾ ಉದ್ದ, ಅಂತ ಅಡ್ಡ ನಿಂತಿತು. ಕಂಪ್ಯೂಟರ್ ಗೊತ್ತಿರುವವರೊಬ್ಬರು, ‘ಕನ್ನಡದಲ್ಲಿ ಹೆಸರಿಟ್ಟರೆ ಹೀಗೇ. ಸುಮ್ನೆ ಇಂಗ್ಲಿಷಿನಲ್ಲಿ ಇಟ್ಟುಬಿಡಿ’ ಅಂದರು. ನಾನು ಒಪ್ಪಲಿಲ್ಲ. ಲೆಕ್ಕ ಹಾಕಿ ನೋಡಿದರೆ ಅವರ ಮಾತು ನಿಜವೂ ಅಲ್ಲ.

ವಿಂಡೋಸ್ ಎಣಿಸುವುದು ಫೈಲಿನ ಹೆಸರೊಂದನ್ನೇ ಅಲ್ಲ. ಡ್ರೈವಿನ ಅಕ್ಷರದಿಂದ ಹಿಡಿದು, ನಡುವಿನ ಎಲ್ಲಾ ಫೋಲ್ಡರ್ ಸೇರಿಸಿ, ಕೊನೆಯ ‘.ಎಂಪಿ3’ ತನಕ ಎಣಿಸುತ್ತದೆ. ಈ ಪೂರ್ತಿ ವಿಳಾಸವೇ ‘ಪಾತ್’, ದಾರಿ. ಅದರ ಹಳೇ ಮಿತಿ 260 ಚಿಹ್ನೆ. ಕೊನೆಗೊಂದು ಕಾಣದ ಗುರುತಿಗೆ ಜಾಗ ಹೋಗುತ್ತದೆ, ನಮಗೆ ಸಿಗುವುದು 259. ಹೀಗಂತ ಡಿಸ್ಕಿನಲ್ಲಿ ಏನೂ ತೊಂದರೆ ಇಲ್ಲ. ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕಿನಲ್ಲಿ ಫೈಲು ಜೋಡಿಸಿಡುವ ರೀತಿ) ಡಿಸ್ಕು ಸುಮಾರು 32,767ರ ತನಕದ ದಾರಿಯನ್ನೂ ತಡೆದುಕೊಳ್ಳುತ್ತದೆ.

ಇನ್ನು ಕನ್ನಡದ ವಿಷಯ. ‘ಕೃಷ್ಣಸಂಧಾನ’ ನಮ್ಮ ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರ್ ಒತ್ತು, ಗುಣಿತ, ಸೊನ್ನೆ ಎಲ್ಲವನ್ನೂ ಬೇರೆ ಬೇರೆ ಎಣಿಸಿ 10 ಅನ್ನುತ್ತದೆ. ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 15 ಆಗುತ್ತದೆ! ‘ಭೀಷ್ಮವಿಜಯ’ ಕನ್ನಡದಲ್ಲಿ 9, ಇಂಗ್ಲಿಷಿನಲ್ಲಿ 13. ಅಂದರೆ ವಿಂಡೋಸಿನಲ್ಲಿ ಕನ್ನಡದ ಹೆಸರೇ ಗಿಡ್ಡ. ವಿಂಡೋಸಿನ ಹಾಗೇ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ ಲಿನಕ್ಸ್‌ನಲ್ಲಿ ಮಾತ್ರ ಬೇರೆ ಕಥೆ. ಅಲ್ಲಿ ಸಾಮಾನ್ಯವಾಗಿ ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಹಾಗಾಗಿ ಒಂದು ಹೆಸರಿನಲ್ಲಿ 85 ಚಿಹ್ನೆಯಷ್ಟೇ ಹಿಡಿಸುತ್ತವೆ. ಲಿನಕ್ಸ್ ಇರುವ ಕಂಪ್ಯೂಟರಿಗೆ ಫೈಲು ಕಳಿಸುವವರು ಇದನ್ನು ನೋಡಿಕೊಳ್ಳಲೇಬೇಕು.

ನಮ್ಮಲ್ಲಿ ಜಾಗ ತಿಂದಿದ್ದು ಮೇಲಿನ ಫೋಲ್ಡರುಗಳು. ಹಳೇ ಕಂಪ್ಯೂಟರ್ ಕೆಟ್ಟಾಗ ಅಂಗಡಿಯವರು ‘ಹಳೇ ಕಂಪ್ಯೂಟರ್ ಪೂರ್ತಿ ಬ್ಯಾಕಪ್’ ಅಂತ ಮಾಡಿ, ಅದರೊಳಗೆ ‘ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು’, ಅದರೊಳಗೆ ‘ನ್ಯೂ ಫೋಲ್ಡರ್’, ಅದರೊಳಗೆ ಮತ್ತೆ ‘ಅಪ್ಪನ ತಾಳಮದ್ದಳೆ ಕ್ಯಾಸೆಟ್ ಎಲ್ಲಾ’ ಅಂತ ಇಟ್ಟುಕೊಟ್ಟಿದ್ದರು. ಕತ್ತರಿಸಬೇಕಾದ್ದು ಇವನ್ನು, ಭಾಗವತರ ಹೆಸರನ್ನಲ್ಲ. ಡಿ ಡ್ರೈವಿನ ಬುಡದಲ್ಲೇ ‘ತಾಮ’ ಅಂತ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅಲ್ಲಿಗೆ ತಂದೆ. ಮುಕ್ಕಾಲು ಪಾಲು ತಕರಾರು ಅಲ್ಲಿಗೇ ಮುಗಿಯಿತು.

ಉಳಿದವಕ್ಕೆ ರೋಬೋಕಾಪಿ (robocopy), ಫೈಲು ಕಾಪಿ ಮಾಡುವ ಒಂದು ಕಮಾಂಡು. ವಿಂಡೋಸಿನಲ್ಲೇ ಇರುತ್ತದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಕಮಾಂಡ್ ಪ್ರಾಂಪ್ಟ್ (ಕಮಾಂಡು ಟೈಪ್ ಮಾಡುವ ಕಿಟಕಿ) ತೆರೆದು ರೋಬೋಕಾಪಿ ಅಂತ ಟೈಪ್ ಮಾಡಿ, ಎಲ್ಲಿಂದ, ಎಲ್ಲಿಗೆ ಅನ್ನುವುದನ್ನು ಉದ್ಧರಣ ಚಿಹ್ನೆಯೊಳಗೆ ಬರೆದು, ಕೊನೆಗೆ ಸ್ಲ್ಯಾಶ್ ಇ (/E) ಕೊಟ್ಟರೆ ಒಳಗಿನ ಫೋಲ್ಡರುಗಳೆಲ್ಲ ಖಾಲಿಯವೂ ಸೇರಿ ಹೋಗುತ್ತವೆ. ಉದ್ದ ದಾರಿಗೆ ಅದು ಹೆದರುವುದಿಲ್ಲ. ಸ್ಲ್ಯಾಶ್ ಎಂಐಆರ್ (/MIR) ಮಾತ್ರ ಕೊಡಬೇಡಿ. ಅದು ಆ ಕಡೆ ಜಾಸ್ತಿ ಇರುವ ಫೈಲುಗಳನ್ನು ಅಳಿಸಿಬಿಡುತ್ತದೆ. ಕೆಲಸ ಮುಗಿದ ಮೇಲೆ ಕೆಳಗೊಂದು ಪಟ್ಟಿ ಬರುತ್ತದೆ, ಅದರಲ್ಲಿ ‘ಫೇಲ್ಡ್’ ಅನ್ನುವ ಕಾಲಮ್ ನೋಡಿ. ಅಲ್ಲಿ ಸೊನ್ನೆ ಇದ್ದರೆ ನೆಮ್ಮದಿ.

2016ರ ವಿಂಡೋಸ್ 10 ಅಪ್‌ಡೇಟಿನಿಂದ ಈ 260ರ ಮಿತಿ ತೆಗೆಯುವ ಸೆಟ್ಟಿಂಗೂ ಇದೆ. ಆದರೆ ಅದನ್ನು ಒಪ್ಪುವ ಹಾಗೆ ಆಯಾ ಪ್ರೋಗ್ರಾಮನ್ನೂ ಬರೆದಿರಬೇಕು. ಅದೊಂದನ್ನೇ ನಂಬಿ ಕೂರಲು ನನಗೆ ಧೈರ್ಯವಿಲ್ಲ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಆ ಎರರ್ ಬಾಕ್ಸಿನಲ್ಲಿರುವ ‘ಸ್ಕಿಪ್’ ಬಟನ್. ಎಲ್ಲದಕ್ಕೂ ಹೀಗೇ ಮಾಡು ಅನ್ನುವ ಚೌಕಕ್ಕೆ ಟಿಕ್ ಹಾಕಿ ಸ್ಕಿಪ್ ಒತ್ತಿದರೆ ಕಾಪಿ ಸಲೀಸಾಗಿ ಮುಗಿದ ಹಾಗೆ ಕಾಣುತ್ತದೆ. ಹೆಸರು ಉದ್ದ ಇರುವವು, ಅಂದರೆ ಜಾಸ್ತಿ ವಿವರ ಬರೆದಿಟ್ಟವೇ, ಹಿಂದೆ ಉಳಿದಿರುತ್ತವೆ. ಆಮೇಲೆ ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿದರೆ ಮುಗೀತು ಅಲ್ವಾ? ನಿಮ್ಮ ಮನೆಯಲ್ಲೂ ಹಳೇ ಕೂಟದ, ಆಟದ ರೆಕಾರ್ಡಿಂಗ್ ಇದ್ದರೆ, ಫಾರ್ಮ್ಯಾಟ್ ಮಾಡುವ ಮೊದಲು ರೋಬೋಕಾಪಿ ಸಾಲಿಗೆ ಸ್ಲ್ಯಾಶ್ ಎಲ್ (/L) ಸೇರಿಸಿ ಇನ್ನೊಮ್ಮೆ ಓಡಿಸಿ. ಅದು ಏನನ್ನೂ ಕಾಪಿ ಮಾಡುವುದಿಲ್ಲ, ಯಾವುದು ಇನ್ನೂ ಹೋಗಿಲ್ಲ ಅಂತ ತೋರಿಸುತ್ತದೆ, ಅಷ್ಟೆ. ಏನಾದರೂ ಎಡವಟ್ಟಾದರೆ ಕೆಳಗೆ ಬರೆಯಿರಿ, ನನಗೆ ತಿಳಿದಷ್ಟು ಹೇಳುತ್ತೇನೆ.