ನೋಡೋಕೆ ಬರೋ ಹೊತ್ತಿಗೆ

ಮಂಗಳವಾರ ರಾತ್ರಿಯಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. “ಮೇಡಂ, ನೀವು ನೋಡೋಕೆ ಬರೋ ಹೊತ್ತಿಗೆ ಗಾಡಿ ಬೇರೆಯವರ ಮನೇಲಿರತ್ತೆ.”

ಕೆಳಗಿನ ಮನೆಯ ಹುಡುಗ ಮೈಸೂರಿಡೀ ಸುತ್ತಿ ಊಟ ತಲುಪಿಸುವ ಕೆಲಸ ಮಾಡುತ್ತಾನೆ. ಬೈಕು ಹಳೇದು. ದುಡಿದದ್ದರಲ್ಲಿ ದೊಡ್ಡ ಪಾಲು ಪೆಟ್ರೋಲಿಗೇ ಹೋಗುತ್ತದೆ. ಅವತ್ತು ಒಂಬತ್ತು ಗಂಟೆಗೆ ಮೇಲೆ ಬಂದು, “ಅಕ್ಕ, ಆರು ಸಾವಿರ ಇದ್ರೆ ಕೊಡ್ತೀರಾ? ಹತ್ತು ಗಂಟೆ ಒಳಗೆ ಕಟ್ಟಬೇಕು” ಎಂದ. ಯಾಕೆ ಅಂದರೆ ಮೊಬೈಲ್ ತೋರಿಸಿದ. ಸಾಲ ಕಟ್ಟದವರಿಂದ ಬ್ಯಾಂಕು ಜಪ್ತಿ ಮಾಡಿದ ಎಲೆಕ್ಟ್ರಿಕ್ ಸ್ಕೂಟರ್‌ಗಳ ಆನ್‌ಲೈನ್ ಹರಾಜು. 28,000ಕ್ಕೆ ಗಾಡಿ ಇವನಿಗೇ ಆಗಿದೆಯಂತೆ. 5,000 ಠೇವಣಿ ಆಗಲೇ ಕಟ್ಟಿದ್ದ. ಈಗ ಆರ್‌ಸಿ ವರ್ಗಾವಣೆಗೆ, ಲಾರಿ ಬಾಡಿಗೆಗೆ ಇನ್ನೊಂದು 6,000. ಪರದೆಯ ಮೂಲೆಯಲ್ಲಿ ನಿಮಿಷಗಳು ಇಳಿಯುತ್ತಿದ್ದವು. 52, 51, 50.

“ಗಾಡಿ ನೋಡಿದ್ಯಾ?”

“ಫೋಟೋ ನೋಡಿದೀನಿ ಅಕ್ಕ.”

ಅವನ ಫೋನಿಂದಲೇ ಹರಾಜಿನವರಿಗೆ ಕರೆ ಮಾಡಿಸಿದೆ. ನಾಳೆ ಬಂದು ನೋಡುತ್ತೇವೆ, ಯಾರ್ಡ್ ಎಲ್ಲಿ ಅಂತ ಕೇಳಿದೆ. ಆಗ ಬಂದ ಮಾತು ಅದು. ಸಿಟ್ಟಿಲ್ಲ, ಗದರಿಕೆಯಿಲ್ಲ. ನಮ್ಮ ಒಳ್ಳೆಯದಕ್ಕೇ ಹೇಳುತ್ತಿರುವ ಹಾಗೆ, ಮೆತ್ತಗೆ. ಆ ಮೆತ್ತಗಿನ ದನಿಯೇ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಮತ್ತೆ ಕೇಳುವಷ್ಟರಲ್ಲಿ ಫೋನ್ ಇಟ್ಟ.

ಆಮೇಲೆ ಇಬ್ಬರೂ ಕೂತು ಫೋಟೋ ದೊಡ್ಡದು ಮಾಡಿ ನೋಡಿದೆವು. ನಂಬರ್ ಪ್ಲೇಟ್ ಬಿಳಿ, ಅಕ್ಷರ ಕಪ್ಪು. ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟ್ ಇರಬೇಕು ಅಲ್ವಾ? ಸ್ವಂತದ್ದಾದರೆ ಅದರ ಮೇಲೆ ಬಿಳಿ ಅಕ್ಷರ, ಬಾಡಿಗೆಯದ್ದಾದರೆ ಹಳದಿ. 2018ರಲ್ಲೇ ಬಂದ ನಿಯಮ, ದಿನಾ ರಸ್ತೆಯಲ್ಲಿ ನೋಡುತ್ತೇವೆ. ಆ ನಂಬರನ್ನು ಗಾಡಿಗಳ ವಿವರ ತೋರಿಸುವ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಪೆಟ್ರೋಲ್ ಸ್ಕೂಟರ್ ಅಂತ ಬಂತು. ರಸೀದಿಯಲ್ಲಿ ಬ್ಯಾಂಕಿನ ಮೊಹರು ಇತ್ತು. ಆದರೆ ಯುಪಿಐನಲ್ಲಿ ಹಣ ಹೋಗಿದ್ದು ಯಾರೋ ಒಬ್ಬ ವ್ಯಕ್ತಿಯ ಖಾತೆಗೆ. ಪಿನ್ ಒತ್ತುವ ಮೊದಲೇ ಆ ಹೆಸರು ಕಾಣುತ್ತದೆ. ಗಡಿಯಾರ ಓಡುತ್ತಿರುವಾಗ ಅದನ್ನು ಓದುವ ವ್ಯವಧಾನ ಯಾರಿಗಿರುತ್ತದೆ?

ಅಲ್ಲಿಂದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಹಣ ಆ ಖಾತೆಯಿಂದ ಬೇರೆ ಕಡೆ ಹೋಗುವ ಮೊದಲು ದೂರು ಮುಟ್ಟಿದರೆ ತಡೆಹಿಡಿಯಬಹುದು, ಅದಕ್ಕೇ ಆ ಅವಸರ. ದೂರಿನ ನಂಬರ್ ಸಿಕ್ಕಿತು. 5,000 ಇನ್ನೂ ಬಂದಿಲ್ಲ.

ಬೆಳಗ್ಗೆ ಮೂರನೇ ಮಹಡಿಯ ಹಿರಿಯರೊಬ್ಬರು ಮೆಟ್ಟಿಲ ಮೇಲೆ ನಿಂತು, ಹುಡುಗನ ತಾಯಿಯ ಎದುರಿಗೇ, “ದುರಾಸೆ, ಅಷ್ಟೇ” ಅಂದರು. ಆ ಮಾತು ನನಗೆ ಸಹಿಸಲಾಗಲಿಲ್ಲ. ಅವರಿಗೂ ಹೇಳಿದೆ, ಇಲ್ಲೂ ಹೇಳುತ್ತೇನೆ. ಹೊಸ ಸ್ಕೂಟರ್‌ಗೆ ಲಕ್ಷದ ಹತ್ತಿರ ಬೇಕು. ಇವನು ನೆಚ್ಚಿಕೊಂಡಿದ್ದದ್ದು ತಾಯಿ ಬಟ್ಟೆ ಹೊಲಿದು ಕಟ್ಟಿದ ಚೀಟಿಯಿಂದ ಬರಬೇಕಿದ್ದ 35,000. ಅಷ್ಟರೊಳಗೆ ಗಾಡಿ ಹುಡುಕುವುದು ದುರಾಸೆಯಾ? ಗಾಡಿ ನೋಡಲು ಒಂದು ದಿನ ಹೋದರೆ ಆ ದಿನದ ಕೂಲಿ ಇಲ್ಲ. ನೋಡಲು ಬಿಡುವಿಲ್ಲದವರು ಯಾರು ಅಂತ ಆ ಫೋನಿನವನಿಗೆ ಚೆನ್ನಾಗಿ ಗೊತ್ತು.

ನಿಜವಾದ ಜಪ್ತಿ ಗಾಡಿಗಳ ಹರಾಜೂ ಇವೆ. ಅಲ್ಲೂ ಠೇವಣಿ ಕೇಳುತ್ತಾರೆ. ಆದರೆ ಗಾಡಿ ನಿಲ್ಲಿಸಿದ ಜಾಗ ಹೇಳುತ್ತಾರೆ, ಬಂದು ನೋಡಿ ಅಂತ ದಿನ ಕೊಡುತ್ತಾರೆ.

ನನ್ನ ತಾತ ಎತ್ತು ಕೊಳ್ಳಲು ಚುಂಚನಕಟ್ಟೆ ಜಾತ್ರೆಗೆ ಹೋಗುತ್ತಿದ್ದರು. ಬಾಯಿ ಬಿಡಿಸಿ ಹಲ್ಲು ಎಣಿಸೋರು. ಸುಳಿ ನೋಡೋರು. ನಾಲ್ಕು ಹೆಜ್ಜೆ ನಡೆಸೋರು. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತು. ಸಂಜೆವರೆಗೂ ನೋಡಿ ಬೇಡ ಅಂತ ಎದ್ದು ಬಂದರೂ ಮಾರುವವನು ಬೇಜಾರಾಗುತ್ತಿರಲಿಲ್ಲ. ಎಲೆಕ್ಟ್ರಿಕ್ ಗಾಡಿಗೆ ಬ್ಯಾಟರಿಯೇ ಹಲ್ಲು. ಗಾಡಿಯ ಬೆಲೆಯಲ್ಲಿ ಅದರದ್ದೇ ದೊಡ್ಡ ಪಾಲು. ಅದು ಸೋತಿದ್ದರೆ ಅಗ್ಗಕ್ಕೆ ತಂದದ್ದೂ ದುಬಾರಿಯೇ. ಫೋಟೋದಲ್ಲಿ ಅದು ಕಾಣುವುದಿಲ್ಲ. ಇನ್ನು 25 ಕಿಲೋಮೀಟರ್ ವೇಗ ದಾಟದ, 250 ವ್ಯಾಟ್ ಒಳಗಿನ ಸಣ್ಣ ಗಾಡಿಗಳಿಗೆ ನೋಂದಣಿಯೇ ಬೇಕಿಲ್ಲ. ಆ್ಯಪ್‌ನಲ್ಲಿ ಹಾಕಿ ನೋಡೋಣ ಅಂದರೆ ನಂಬರೇ ಇರುವುದಿಲ್ಲ. ಅಂಥದ್ದಕ್ಕೆ ಕಣ್ಣೆದುರು ನೋಡುವುದು ಬಿಟ್ಟು ಬೇರೆ ದಾರಿಯಿಲ್ಲ.

ನಿನ್ನೆ ಅವನು ಅರ್ಧ ದಿನ ರಜೆ ಹಾಕಿದ. ಸರಸ್ವತಿಪುರಂನಲ್ಲಿ ಒಬ್ಬರು ಮಾರುತ್ತಾರೆ ಅಂತ ಗೊತ್ತಾಗಿ ಇಬ್ಬರೂ ಹೋದೆವು. ಹಸಿರು ಪ್ಲೇಟ್. ಆರ್‌ಸಿಯಲ್ಲಿ ಸಾಲದ ನಮೂದು ಇರಲಿಲ್ಲ. ಹುಡುಗ ನೆಲಕ್ಕೆ ಮಂಡಿಯೂರಿ ಚಾಸಿ ನಂಬರನ್ನು ಒಂದೊಂದೇ ಅಂಕಿ ಓದಿ ಹೊಂದಿಸಿದ. 100 ತೋರಿಸುತ್ತಿದ್ದ ಬ್ಯಾಟರಿ ಹತ್ತು ಕಿಲೋಮೀಟರ್ ಓಡಿಸಿ ಬರುವಷ್ಟರಲ್ಲಿ 61ಕ್ಕೆ ಇಳಿದಿತ್ತು. ಇವನ ದಿನದ ಓಡಾಟಕ್ಕೆ ಅದು ಮಧ್ಯಾಹ್ನದವರೆಗೂ ಬಾರದು.

“ಬೇಡ ಅಂಕಲ್” ಎಂದ, ಸ್ವಲ್ಪ ಹೆದರಿಕೊಂಡೇ.

“ಆಯ್ತಪ್ಪ, ಬಿಸಿಲಲ್ಲಿ ಬಂದಿದೀಯ, ನೀರು ಕುಡ್ಕೊಂಡು ಹೋಗು” ಅಂದು ಅವರು ಒಳಗೆ ಹೋದರು.