"ಔಷಧಿ ಏನೂ ತಗೊಳ್ಳಲ್ಲ" ಅಂದಿದ್ರು ಚಿಕ್ಕಮ್ಮ

2021ರಲ್ಲಿ, ಕೊರೋನಾ ಎರಡನೇ ಅಲೆ ಟೈಮಲ್ಲಿ ನಮ್ಮ ಚಿಕ್ಕಮ್ಮಂಗೆ ಕಣ್ಣು ಹಳದಿ ಆಯ್ತು, ಊಟ ಸೇರ್ತಿರ್ಲಿಲ್ಲ, ಬ್ಲಡ್ ಟೆಸ್ಟ್ ಮಾಡಿಸಿದ್ರೆ ಲಿವರ್ ರಿಪೋರ್ಟ್ ಎಲ್ಲಾ ಏರುಪೇರು. ಬೇರೆ ಏನಾದ್ರೂ ಔಷಧಿ ತಗೋತಿದೀರಾಮ್ಮ ಅಂತ ಡಾಕ್ಟ್ರು ಎರಡು ಸಲ ಕೇಳಿದ್ರು, ಎರಡು ಸಲಾನೂ ಇಲ್ಲ ಅಂದ್ರು. ಸುಳ್ಳು ಹೇಳಿದ್ದಲ್ಲ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಲೋಟ ಅಮೃತಬಳ್ಳಿ ಜ್ಯೂಸು, ರಾತ್ರಿ ಅದರದ್ದೇ ಎರಡು ಮಾತ್ರೆ, ಆದ್ರೆ ಅವರ ಲೆಕ್ಕದಲ್ಲಿ ಅದು ಔಷಧಿನೇ ಅಲ್ಲ, ಹಿತ್ತಲ ಬಳ್ಳಿ. ನಾನು ಬಾಯಿ ಬಿಟ್ಟ ಮೇಲೆ ಡಾಕ್ಟ್ರು ಎಲ್ಲಾ ನಿಲ್ಲಿಸಿದ್ರು, ಎರಡು ತಿಂಗಳಲ್ಲಿ ಸರಿಹೋಯ್ತು. ಅದರಿಂದಲೇ ಆಗಿದ್ದು ಅಂತ ಅವರೇನೂ ಖಡಾಖಂಡಿತ ಹೇಳ್ಲಿಲ್ಲ.

ಅದೇ ವರ್ಷ ಮುಂಬೈ ಡಾಕ್ಟರ್‌ಗಳು ಇಂಥದ್ದೇ 6 ಕೇಸ್ ಬಗ್ಗೆ ಬರೆದಿದ್ರು. ಆಯುರ್ವೇದ ನೋಡ್ಕೊಳ್ಳೋ ಕೇಂದ್ರದ ಆಯುಷ್ ಸಚಿವಾಲಯ ಒಪ್ಪಲಿಲ್ಲ, ಆ ರೋಗಿಗಳು ತಗೊಂಡಿದ್ದು ಅಮೃತಬಳ್ಳಿನೇನಾ ಅಂತ ಪರೀಕ್ಷೆ ಮಾಡಿಲ್ಲ, ನೋಡೋಕೆ ಹಾಗೇ ಇರೋ ಇನ್ನೊಂದು ಜಾತಿ ಬಳ್ಳಿ ಇದೆ ಅಂತು. ಆ ಪ್ರಶ್ನೆ ಸರಿಯಾದದ್ದೇ, ಆದ್ರೆ ಗಿಡದ ತಜ್ಞರಿಗೇ ಗೊಂದಲ ಆಗೋದಾದ್ರೆ ಬಾಟಲಿ ಕೊಳ್ಳೋ ನಮಗೆ ಒಳಗಿರೋದು ಯಾವ ಬಳ್ಳಿ ಅಂತ ಹೆಂಗ್ ಗೊತ್ತಾಗ್ಬೇಕು?

ಆಮೇಲೆ ಚಿಕ್ಕಮ್ಮನ ಮನೇಲಿದ್ದ ಜ್ಯೂಸು, ಮಾತ್ರೆ ಎರಡನ್ನೂ ಕೈಗೆತ್ಕೊಂಡು, ಅಕ್ಷರ ಸಣ್ಣ ಇತ್ತು ಅಂತ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಓದ್ದೆ. ಮಾತ್ರೆ ಡಬ್ಬಿ ಮೇಲೆ ಆಯುರ್ವೇದಿಕ್ ಔಷಧಿ ಅಂತ, ತಯಾರಿಕಾ ಲೈಸೆನ್ಸ್ ನಂಬರು, ಅದು 1940ರ ಔಷಧಿ ಕಾಯ್ದೆ ಕೆಳಗೆ ಬರತ್ತೆ. ಜ್ಯೂಸ್ ಬಾಟಲಿ ಮೇಲೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐದು 14 ಅಂಕಿ ನಂಬರು, ಪಕ್ಕದಲ್ಲೇ ಔಷಧಿಯಾಗಿ ಬಳಸೋದಕ್ಕಲ್ಲ ಅಂತ, ಅಂದ್ರೆ ಕಾನೂನಿನ ಕಣ್ಣಲ್ಲಿ ಅದು ಆಹಾರ. ಬಳ್ಳಿ ಒಂದೇ, ಲಿವರೂ ಒಂದೇ, ಕೇಳೋ ಇಲಾಖೆ ಮಾತ್ರ ಬೇರೆ ಬೇರೆ! ಅದಲ್ದೆ ಹಳೇ ಗ್ರಂಥದಲ್ಲಿ ಇರೋ ಹಾಗೇ, ಅದೇ ಕಾಯಿಲೆಗೆ ಅಂತ ಮಾಡಿದ ಆಯುರ್ವೇದ ಔಷಧಿಗೆ ಲೈಸೆನ್ಸ್ ಕೊಡುವಾಗ ಹೊಸದಾಗಿ ಸುರಕ್ಷತಾ ಅಧ್ಯಯನ ಕೇಳಲ್ಲ. ಗ್ರಂಥ ಬರೆದವರು ರೋಗಿನ ನೋಡಿ, ಇಷ್ಟು ದಿನ ಅಂತ ಹೇಳಿ ಕೊಡ್ತಿದ್ರು, ವಾಟ್ಸಾಪ್ ನೋಡಿ ತಿಂಗಳುಗಟ್ಲೆ ಕುಡೀರಿ ಅಂತ ಅಲ್ಲ.

ಜಾಹೀರಾತಿನ ಕಥೆ ಇನ್ನೂ ಬೇಜಾರು. ಆಯುರ್ವೇದ ಔಷಧಿ ಜಾಹೀರಾತಿಗೆ ಮೊದಲೇ ಅನುಮತಿ ಬೇಕು ಅನ್ನೋ 170ನೇ ನಿಯಮ 2018ರಲ್ಲಿ ಬಂತು, 2024ರ ಜುಲೈನಲ್ಲಿ ಸಚಿವಾಲಯವೇ ಅದನ್ನ ತೆಗೆದುಹಾಕ್ತು, ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಆ ತೆಗೆದದ್ದಕ್ಕೆ ತಡೆ ಕೊಡ್ತು, 2025ರಲ್ಲಿ ಕೇಸ್ ಮುಗಿದಾಗ ಆ ತಡೆನೂ ಹೋಯ್ತು.

ಆಯುರ್ವೇದದ ಮೇಲೆ ನಂಗೆ ಸಿಟ್ಟಿಲ್ಲ, ನಮ್ಮಜ್ಜಿ ಕಷಾಯ ಕುಡಿದೇ ಬೆಳೆದೋಳು ನಾನು. ಚಿಕ್ಕಮ್ಮ ಈಗ ಆಸ್ಪತ್ರೆಗೆ ಹೊರಟ್ರೆ ಬಿಪಿ ಮಾತ್ರೆ ಜೊತೆ ಮನೇಲಿರೋ ಚೂರ್ಣ, ಲೇಹ್ಯ, ಪುಡಿ ಎಲ್ಲಾ ಒಂದು ಬಟ್ಟೆ ಚೀಲಕ್ಕೆ ಹಾಕ್ಕೊಂಡು ಹೋಗಿ ಡಾಕ್ಟ್ರ ಟೇಬಲ್ ಮೇಲೆ ಸಾಲಾಗಿ ಇಡ್ತಾರೆ.