ಸೌದೆ ಸೀಳೋಕೆ ಯಾವ ಮಚ್ಚು ತಗೊಳ್ಳಲಿ?

ಪಾಂಡವಪುರದ ಹತ್ತಿರ ನಮ್ಮ ತೋಟದ ಮನೆಯಲ್ಲಿ ಸ್ನಾನದ ನೀರು ಈಗಲೂ ಹಂಡೆ ಒಲೆಯಲ್ಲೇ ಕಾಯುತ್ತದೆ. ಹಾಗಾಗಿ ಹಿತ್ತಲಲ್ಲಿ ಒಂದು ಕೊರಡು, ಒಂದು ಕೊಡಲಿ, ಒಂದು ಮಚ್ಚು ಯಾವಾಗಲೂ ಇರುತ್ತವೆ. ಮೈಸೂರಿನಿಂದ ಬರುವ ನೆಂಟರು, ಈಚೆಗೆ ಜಮೀನು ತಗೊಂಡು ತೋಟ ಮಾಡುತ್ತಿರುವ ಸ್ನೇಹಿತರು, ಎಲ್ಲರೂ ಆ ಮಚ್ಚನ್ನು ಕೈಗೆತ್ತಿಕೊಂಡು ಕೇಳುವುದು ಒಂದೇ ಮಾತು. "ಸಣ್ಣ ಸೌದೆ ಸೀಳೋಕೆ ನನಗೂ ಒಂದು ಗಟ್ಟಿಯಾದ ಚಾಕು ಬೇಕು. ಯಾವುದು ತಗೊಳ್ಳಲಿ?" ಕೇಳುವಾಗಲೇ ಮೊಬೈಲಿನಲ್ಲಿ ಫಳಫಳ ಹೊಳೆಯುವ ಒಂದು ಚಾಕುವಿನ ಚಿತ್ರ ತೋರಿಸುತ್ತಾರೆ.

ನನ್ನ ಉತ್ತರ ಇಷ್ಟು. ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಬಡಿದ, ಬೆನ್ನು ದಪ್ಪ ಇರುವ, ಕಬ್ಬಿಣ ಹಿಡಿಯ ಕೊನೆವರೆಗೂ ಹೋಗಿರುವ ಮಚ್ಚು ತಗೊಳ್ಳಿ. ಹತ್ತಿರದಲ್ಲಿ ಕುಲುಮೆ ಇದ್ದರೆ ಅಲ್ಲೇ ಮಾಡಿಸಿ. ಮಡಚುವ ಚಾಕು ಮಾತ್ರ ಬೇಡವೇ ಬೇಡ. ಹೊಡೆತವೆಲ್ಲ ಕೀಲಿನ ಆ ಒಂದು ಸಣ್ಣ ಮೊಳೆಯ ಮೇಲೆ ಬೀಳುತ್ತದೆ.

ಯಾಕೆ ಲಾರಿ ಪಟ್ಟೆ? ಇಲ್ಲಿ ಗಡಸು ಬೇರೆ, ಗಟ್ಟಿ ಬೇರೆ. ಬಳೆಯ ಗಾಜು ಗಡಸು, ಆದರೆ ಬಿದ್ದರೆ ಚೂರು. ಉಕ್ಕಿನಲ್ಲಿ ಇಂಗಾಲ ಹೆಚ್ಚಿದ್ದಷ್ಟೂ ಅದನ್ನು ಹೆಚ್ಚು ಗಡಸು ಮಾಡಬಹುದು, ಹರಿತ ಬಹಳ ದಿನ ನಿಲ್ಲುತ್ತದೆ. ಆದರೆ ಪೆಟ್ಟು ತಡೆಯುವ ಶಕ್ತಿ ಕಡಿಮೆಯಾಗುತ್ತದೆ. ಆನ್‌ಲೈನಿನಲ್ಲಿ ಜಾಸ್ತಿ ಕಾಣುವ ಡಿ2 ಅನ್ನುವ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 1.5 ಇರುತ್ತದೆ, ಕ್ರೋಮಿಯಂ ಸುಮಾರು ಶೇ. 12. ಹಗ್ಗ ಕೊಯ್ಯಲು, ಚರ್ಮ ಕೊಯ್ಯಲು ಒಳ್ಳೆಯದೇ. ಲಾರಿ ಪಟ್ಟೆಯ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.5ರಿಂದ 0.6 ಅಷ್ಟೇ. ಕಬ್ಬು ತುಂಬಿದ ಲಾರಿ ಹಳ್ಳಕ್ಕೆ ಇಳಿದಾಗ ಬಾಗಿ, ಹತ್ತಿದಾಗ ಮತ್ತೆ ನೆಟ್ಟಗಾಗುವುದೇ ಅದರ ದಿನದ ಕೆಲಸ. ಸೌದೆ ಸೀಳುವ ಅಲಗಿಗೂ ಬೇಕಾಗಿರುವುದು ಅದೇ ಗುಣ.

ಇದು ನನಗೆ ತಿಳಿದದ್ದು ಕೆಟ್ಟ ರೀತಿಯಲ್ಲಿ. ಕೆಲವು ವರ್ಷದ ಹಿಂದೆ ನಾನೂ ಚಿತ್ರ ನೋಡಿ ಒಂದು ಚಾಕು ತರಿಸಿದ್ದೆ. ಬಹಳ ಹರಿತ, ಕಾಗದ ಇಟ್ಟರೆ ಕೊಯ್ಯುತ್ತಿತ್ತು. ಮೂರನೇ ದಿನ ಒಣಗಿದ ಹುಣಸೆ ತುಂಡಿಗೆ ಇಟ್ಟು ಬೆನ್ನಿಗೆ ಬಡಿದೆ. ಒಳಗೆ ಗಂಟು ಇತ್ತು. ಅಲಗಿನಿಂದ ಉಗುರಿನಷ್ಟು ಚೂರು ಎಗರಿ ಹೋಯಿತು. ಮಗಳು ನಾಲ್ಕಡಿ ದೂರದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಆ ಚೂರು ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಅವತ್ತಿನಿಂದ ಸೀಳುವಾಗ ಹತ್ತಿರ ಯಾರನ್ನೂ ಕೂರಲು ಬಿಡುವುದಿಲ್ಲ.

ಆ ವಾರವೇ ಕುಲುಮೆಗೆ ಹೋದೆ. ನಮ್ಮ ಆಚಾರ್ರು ಮುರಿದ ಅಲಗನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಗಡುಸು ಜಾಸ್ತಿ ಆದ್ರೆ ಗಾಜಾಯ್ತದೆ, ಕಮ್ಮಿ ಆದ್ರೆ ತಗಡಾಯ್ತದೆ ಕಣಪ್ಪ. ಹದದಲ್ಲಿ ಅದೆ ಎಲ್ಲಾನೂವೆ." ನನ್ನ ಮಚ್ಚಿಗೆ ಹದ ಕೊಡುವಾಗ ಪಕ್ಕದಲ್ಲೇ ನಿಂತಿದ್ದೆ. ಕೆಂಪಗೆ ಕಾದ ಅಲಗಿನ ಬಾಯಿಯನ್ನಷ್ಟೇ ಎಣ್ಣೆಗೆ ಅದ್ದಿ ತೆಗೆದರು. ಸಾಣೆಕಲ್ಲಿನ ಚೂರಿನಿಂದ ಒಂದು ಮಗ್ಗುಲನ್ನು ಉಜ್ಜಿ ಬೆಳ್ಳಗೆ ಮಾಡಿದರು. ಬೆನ್ನಿನಲ್ಲಿ ಉಳಿದಿದ್ದ ಬಿಸಿ ನಿಧಾನಕ್ಕೆ ಬಾಯಿ ಕಡೆ ಇಳಿಯಿತು. ಬೆಳ್ಳಗಿದ್ದ ಜಾಗ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಆಮೇಲೆ ಬೆಲ್ಲದ ಕಂದು. ಅದರ ಬೆನ್ನಿಗೇ ನೇರಳೆ. ನೇರಳೆ ಬಾಯಿ ಮುಟ್ಟಿದ ಕ್ಷಣ ಮತ್ತೆ ಅದ್ದಿಬಿಟ್ಟರು. ಹುಲ್ಲಿನ ಬಣ್ಣ ಅಂದರೆ ಸುಮಾರು 230 ಡಿಗ್ರಿ, ನೇರಳೆ ಅಂದರೆ ಸುಮಾರು 280 ಡಿಗ್ರಿ. ಅವರ ಹತ್ತಿರ ಅಳೆಯುವ ಯಂತ್ರ ಯಾವುದೂ ಇರಲಿಲ್ಲ. ರೆಪ್ಪೆ ಬಡಿಯದೆ ನೋಡುತ್ತಿದ್ದ ಎರಡು ಕಣ್ಣು ಇದ್ದವು.

"ಎಳನೀರು ಕೊಚ್ಚೋ ಮಚ್ಚು ಸಾಕಲ್ವಾ?" ಅಂತ ಕೆಲವರು ಕೇಳುತ್ತಾರೆ. ಮದ್ದೂರು ಕಡೆಯವರಿಗೆ ಮನೆಯಲ್ಲೇ ಒಂದು ಇರುತ್ತೆ, ಹಾಗಾಗಿ ಕೇಳುವುದು ಸಹಜ. ಸಾಲದು. ಹಸಿ ಸಿಪ್ಪೆಗೆ ಸಲೀಸಾಗಿ ಇಳಿಯಲಿ ಅಂತ ಅದರ ಬಾಯಿಯನ್ನು ತೆಳ್ಳಗೆ ಹಿಡಿದಿರುತ್ತಾರೆ. ಒಣಗಿದ ಜಾಲಿಗೆ ಹಾಕಿದರೆ ಬಾಯಿ ಮಡಚಿಕೊಳ್ಳುತ್ತದೆ. ಸೌದೆ ಮಚ್ಚಿನ ಬಾಯಿ ಅಕ್ಕಿಕಾಳಿನ ಬೆನ್ನಿನ ಹಾಗೆ ಚೂರು ಉಬ್ಬಿರಬೇಕು. ಆಗ ಅದು ಕೊಯ್ಯುವುದಕ್ಕಿಂತ ಮರವನ್ನು ಎರಡೂ ಕಡೆ ತಳ್ಳುತ್ತದೆ. ಸೌದೆ ಬಿರಿಯುವುದು ಆ ತಳ್ಳುವಿಕೆಗೇ.

ಬೆನ್ನು ಐದಾರು ಮಿಲಿಮೀಟರ್ ದಪ್ಪ ಇರಲಿ. ಉದ್ದ ಎಷ್ಟು ಅನ್ನುವುದಕ್ಕೆ ನನ್ನದು ಒಂದೇ ಲೆಕ್ಕ: ನೀವು ಸೀಳುವ ತುಂಡಿನ ಅಗಲಕ್ಕಿಂತ ಎರಡು ಇಂಚು ಜಾಸ್ತಿ. ಅಲಗು ಒಳಗೆ ಇಳಿದ ಮೇಲೆ ಹೊಡೆಯಲು ತುದಿ ಹೊರಗೆ ಉಳಿಯಬೇಕಲ್ಲ. ನಾಲ್ಕಿಂಚಿಗಿಂತ ದಪ್ಪದ ತುಂಡಿದ್ದರೆ ಮಚ್ಚಿನ ಆಸೆ ಬಿಡಿ, ಕೊಡಲಿ ತಗೊಳ್ಳಿ.

ಹಿಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಾನು ನೋಡಿದ ಹಾಳಾದ ಮಚ್ಚುಗಳಲ್ಲಿ ಅರ್ಧಕ್ಕರ್ಧ ಹಿಡಿಯಲ್ಲೇ ಹಾಳಾದವು. ಹಳೆಯ ಕ್ರಮದಲ್ಲಿ ಅಲಗಿನ ಬಾಲವನ್ನು ಕಾಯಿಸಿ, ಮರದ ಹಿಡಿಯೊಳಗೆ ಇಳಿಸಿ, ಅರಗು ತುಂಬಿ, ಬಾಯಿಗೆ ಒಂದು ಬಳೆ ಹಾಕುತ್ತಾರೆ. ಬೀಸಿ ಕಡಿಯುವ ಕೆಲಸಕ್ಕೆ ಅದು ಸಾಕು. ಬೆನ್ನಿಗೆ ಬಡಿದು ಸೀಳುವುದಾದರೆ ದಿನ ಕಳೆದಂತೆ ಬಾಲ ಅಲ್ಲಾಡತೊಡಗುತ್ತದೆ. ಅದಕ್ಕೇ ಪಟ್ಟೆಯ ಕಬ್ಬಿಣವೇ ಹಿಡಿಯ ಕೊನೆವರೆಗೂ ಹೋಗಲಿ, ಎರಡೂ ಕಡೆ ಮರದ ಚಕ್ಕೆ ಇಟ್ಟು ಮೂರು ರಿವೆಟ್ ಹೊಡೆಯಲಿ. ಮರ ಜಾಲಿಯದಾದರೆ ನನಗೆ ಇಷ್ಟ, ಸೀಬೆಯದೂ ಆಗುತ್ತೆ. ಪ್ಲಾಸ್ಟಿಕ್ ಹಿಡಿ ಬೆವರಿದ ಕೈಯಲ್ಲಿ ಜಾರುತ್ತದೆ.

ಕುಲುಮೆ ಹತ್ತಿರ ಇಲ್ಲದವರು ಬೇಬಿ ಬೆಟ್ಟದ ದನಗಳ ಜಾತ್ರೆಯಂಥ ಕಡೆ, ಇಲ್ಲವೇ ಮೈಸೂರಿನ ಸಂತೆಪೇಟೆ ಕಡೆ ಹುಡುಕಿ. ಕೊಳ್ಳುವ ಮುಂಚೆ ಅಲಗನ್ನು ಹಗುರವಾಗಿ ತಟ್ಟಿ. ಟಣ್ ಅಂದರೆ ಸರಿ, ದಬ್ ಅಂದರೆ ಬಿರುಕಿನ ಅನುಮಾನ. ಸಾಧ್ಯವಾದರೆ ಒಂದು ಅರ ತಗೊಂಡು ಹೋಗಿ ಬಾಯಿಯ ಹತ್ತಿರ ಉಜ್ಜಿ ನೋಡಿ. ಅರ ಸುಲಭವಾಗಿ ಕಚ್ಚಿದರೆ ಹದ ಸಾಲದು. ಪೂರ್ತಿ ಜಾರಿದರೆ ಗಡಸು ಜಾಸ್ತಿ. ಕಷ್ಟಪಟ್ಟು ಚೂರೇ ಚೂರು ಕಚ್ಚಿದರೆ ದುಡ್ಡು ಕೊಡಿ.

ತರುವಾಗ ಗೋಣಿಚೀಲದಲ್ಲಿ ಸುತ್ತಿ ತನ್ನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಆಯುಧದ ಪಟ್ಟಿಯಲ್ಲಿವೆ. ಮನೆಕೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದವನ್ನು ಅದರಿಂದ ಹೊರಗಿಟ್ಟಿದ್ದಾರೆ. ಹಾಗಂತ ಸುಮ್ನೆ ಗಾಡಿಯಲ್ಲಿ ಇಟ್ಟುಕೊಂಡು ಓಡಾಡಬೇಡಿ. ರೌಡಿಗಳ ಸುದ್ದಿಯಲ್ಲಿ ಈ ಹೆಸರು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಆಯುಧ ಪೂಜೆಯ ದಿನ ನಮ್ಮ ಮನೆಯಲ್ಲಿ ನೇಗಿಲಿನ ಪಕ್ಕ ಕುಂಕುಮ ಇಟ್ಟುಕೊಂಡು ಕೂರುವ ಸಾಮಾನು ಇದು.

ಸೀಳುವಾಗ ತುಂಡನ್ನು ಕೊರಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅಲಗನ್ನು ಅಡ್ಡ ಇಟ್ಟು, ಬೆನ್ನಿಗೆ ಮರದ ದೊಣ್ಣೆಯಿಂದ ಬಡಿಯಿರಿ. ಸುತ್ತಿಗೆ ಬೇಡ, ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಚೂರು ಹಾರುತ್ತದೆ. ಸರ್ವೆ ಎರಡೇ ಏಟಿಗೆ ಬಿರಿಯುತ್ತದೆ. ನೀಲಗಿರಿಯನ್ನು ಹಸಿ ಇರುವಾಗಲೇ ಸೀಳಿಬಿಡಿ, ಒಣಗಿದರೆ ಬಲು ಕಷ್ಟ. ಗಂಟು ಸಿಕ್ಕಿದರೆ ಜಗ್ಗಾಡಬೇಡಿ, ತುಂಡನ್ನು ತಲೆಕೆಳಗು ಮಾಡಿ ಇನ್ನೊಂದು ಕಡೆಯಿಂದ ಶುರು ಮಾಡಿ.

ಮೊಂಡಾದರೆ ಕರೆಂಟಿನ ಗ್ರೈಂಡರಿಗೆ ಕೊಡಬೇಡಿ. ಕಿಡಿ ಹಾರುತ್ತಾ ಹಾರುತ್ತಾ ಬಾಯಿ ನೀಲಿಗೆ ತಿರುಗಿತು ಅಂದರೆ, ಆಚಾರ್ರು ನೇರಳೆಯಲ್ಲಿ ಹಿಡಿದು ನಿಲ್ಲಿಸಿದ ಹದ ಅಲ್ಲಿಗೆ ಹೋಯಿತು. ನಾನು ಸಾಣೆಕಲ್ಲಿಗೆ ನೀರು ಚಿಮುಕಿಸಿ ಕೈಯಲ್ಲೇ ಹತ್ತು ನಿಮಿಷ ಮಸೆಯುತ್ತೇನೆ. ಒರೆಸಿ, ಹರಳೆಣ್ಣೆ ಸವರಿ, ಮಕ್ಕಳ ಕೈಗೆ ಸಿಗದ ಎತ್ತರದ ಮೊಳೆಗೆ ನೇತುಹಾಕುತ್ತೇನೆ.